ಅಡುಗೆ ಕಟ್ಟೆ ಮೇಲೆ ಕ್ರ್ಯಾಂಕು

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಹಾಗೆ ಅಂದವರು ನಮ್ಮ ಅತ್ತೆ ಮಾವನನ್ನ ನೋಡಿರಲಿಲ್ಲ ಅಂತ ಕಾಣುತ್ತೆ. ಇವರು ಉಂಡರು, ಮಲಗಿದರು, ಎದ್ದರು, ಮತ್ತೆ ಉಂಡರು, ಮಾತು ಮಾತ್ರ ಆಡಲಿಲ್ಲ. ನಡುವೆ ಸಿಕ್ಕಿಕೊಂಡವಳು ನಾನು, ಸೊಸೆ.

"ನಿಮ್ಮ ಮಾವನಿಗೆ ಹೇಳು, ನೀರು ಕಾದಿದೆ."

ಮಾವ ಅಲ್ಲೇ ಎರಡು ಮಾರು ದೂರದಲ್ಲಿ ಕೂತಿರುತ್ತಾರೆ.

"ಮಾವ, ನೀರು ಕಾದಿದೆಯಂತೆ."

"ಕೇಳಿಸ್ತು. ನನ್ನ ಕಿವಿ ನೆಟ್ಟಗಿದೆ ಅಂತ ನಿಮ್ಮತ್ತೆಗೆ ಹೇಳು."

"ನಾನು ಕಿವಿ ವಿಷಯ ಎತ್ತಿರಲಿಲ್ಲ ಅಂತ ಹೇಳು."

ಅತ್ತೆ ಎತ್ತಿದ್ದು ಕಣ್ಣಿನ ವಿಷಯ. ನಮ್ಮ ಮನೆಯ ಮುಂದಿನ ಕೋಣೆಯೇ ಮಾವನ ಗ್ಯಾರೇಜು. ಬೀದಿಯವರೆಲ್ಲ ಅವರನ್ನ ಮೇಸ್ತ್ರಿ ಅಂತಲೇ ಕರೆಯುವುದು. ಒಂದು ದಿನ ಯಾರೋ ಗಿರಾಕಿಯ ಗಾಡಿಗೆ ಆಯಿಲ್ ಹಾಕುವಾಗ ಅರ್ಧ ಎಂಜಿನ್ ಒಳಗೆ, ಅರ್ಧ ನೆಲಕ್ಕೆ ಹೊಯ್ದರು. ಚಹಾ ಕೊಡಲು ಹೋಗಿದ್ದ ಅತ್ತೆ ಸುಮ್ಮನಿರಬಾರದಿತ್ತಾ? "ಮೊದಲು ಹೋಗಿ ಕಣ್ಣು ತೋರಿಸ್ಕೊಳ್ಳಿ ರೀ, ತೂತು ಎಲ್ಲಿ, ನೆಲ ಎಲ್ಲಿ ಅಂತ ಗೊತ್ತಾಗ್ತಿಲ್ಲ ನಿಮಗೆ" ಅಂದುಬಿಟ್ಟರು. ಗಿರಾಕಿ ನಕ್ಕ. ಮಾವನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಗಿರಾಕಿ ಮುಂದೆ ಮಾನ ಕಳೀತೀಯ? ನನ್ನ ಕಣ್ಣಿಗೇನೂ ಆಗಿಲ್ಲ. ನಿನ್ನ ನಾಲಿಗೆಗೆ ಆಪರೇಷನ್ ಮಾಡಿಸಬೇಕು!"

"ಹೌದಾ? ಹಾಗಿದ್ರೆ ಇನ್ಮೇಲೆ ನಿಮ್ಮ ಮುಳ್ಳು ನೀವೇ ನೋಡ್ಕೊಳ್ಳಿ!"

ಅಲ್ಲಿಗೆ ಮಾತು ನಿಂತಿತು. ಈ ಮುಳ್ಳು ಅಂದರೇನು ಅಂತ ಹೇಳಬೇಕು, ಇಲ್ಲದಿದ್ದರೆ ನನ್ನ ಹೆದರಿಕೆ ಯಾರಿಗೂ ಅರ್ಥವಾಗುವುದಿಲ್ಲ.

ಮೋಟರ್ ಸೈಕಲ್ಲಿನ ಎಂಜಿನ್ ಹೊಟ್ಟೆಯಲ್ಲಿ ಕ್ರ್ಯಾಂಕು ಅಂತ ಒಂದಿರುತ್ತದೆ. ಎರಡು ಭಾರದ ಉಕ್ಕಿನ ಚಕ್ರ, ಎರಡಕ್ಕೂ ಆಚೀಚೆ ಒಂದೊಂದು ದಂಡ, ನಡುವೆ ಒಂದು ಪಿನ್ನು, ಪಿನ್ನಿಗೆ ತಗಲಿಕೊಂಡ ಒಂದು ರಾಡು. ರಾಡು ಸವೆದರೆ ಚಕ್ರಗಳನ್ನ ಬಿಡಿಸಿ, ಹೊಸದು ಹಾಕಿ, ಪ್ರೆಸ್ಸಿನಲ್ಲಿ ಒತ್ತಿ ಮತ್ತೆ ಕೂಡಿಸಬೇಕು. ಕೂಡಿಸುವಾಗ ಕೂದಲೆಳೆಯಷ್ಟು ಓರೆಯಾದರೂ ತಿರುಗುವಾಗ ದಂಡ ಓಲಾಡುತ್ತದೆ. ಅದಕ್ಕೆ 'ಔಟು' ಅಂತಾರೆ. ಔಟು ಎಷ್ಟಿದೆ ಅಂತ ನೋಡುವುದಕ್ಕೆ ಒಂದು ಡಯಲ್ ಇದೆ, ಸಣ್ಣ ಗಡಿಯಾರದ ಹಾಗೆ, ಸುತ್ತ ನೂರು ಗೆರೆ, ಮಧ್ಯೆ ಒಂದು ಮುಳ್ಳು. ಕೆಳಗೆ ಕಡ್ಡಿ. ಕಡ್ಡಿಯನ್ನ ದಂಡಕ್ಕೆ ತಾಗಿಸಿಟ್ಟು ಕ್ರ್ಯಾಂಕು ನಿಧಾನ ತಿರುಗಿಸಿದರೆ ಮುಳ್ಳು ಎಷ್ಟು ಗೆರೆ ಅಲ್ಲಾಡಿತೋ ಅಷ್ಟು ಔಟು.

ಗ್ಯಾರೇಜಿನ ಬೆಂಚು ಮರದ್ದು, ಬಾಗಿಹೋಗಿದೆ. ಇಡೀ ಮನೆಯಲ್ಲಿ ಸಪಾಟಾಗಿರುವುದು ಅಂದರೆ ಅಡುಗೆಮನೆಯ ಕಲ್ಲಿನ ಕಟ್ಟೆ ಒಂದೇ. ಹಾಗಾಗಿ ಔಟು ನೋಡುವುದು ಅಲ್ಲೇ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅನ್ನ ಬಸಿಯಲು ಹೋದರೆ ಕಟ್ಟೆ ಮೇಲೆ ಎರಡು ಕಬ್ಬಿಣದ ದಿಮ್ಮಿ, ದಿಮ್ಮಿಗಳ ಸೀಳಿನಲ್ಲಿ ಕ್ರ್ಯಾಂಕು ಮಲಗಿತ್ತು. ಒಲೆ ಆರಿಸಬೇಕು. ಫ್ಯಾನ್ ನಿಲ್ಲಿಸಬೇಕು. ಹಿಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನೂ ನಿಲ್ಲಬೇಕು. ಮಾವ ಎರಡೂ ಕೈಯಲ್ಲಿ ಕ್ರ್ಯಾಂಕು ತಿರುಗಿಸುತ್ತಾರೆ. ಅತ್ತೆ ಸ್ಟೂಲ್ ಮೇಲೆ ಕೂತು, ಮೂಗನ್ನ ಡಯಲ್‌ಗೆ ತಾಗಿಸಿಕೊಂಡು, "ಎರಡು, ನಾಲ್ಕು, ಏಳು, ನಿಲ್ಲಿಸಿ" ಅಂತ ಓದುತ್ತಾರೆ. ಐದು ಗೆರೆ ದಾಟಬಾರದು. ದಾಟಿದರೆ ಮಾವ ಸೀಮೆಸುಣ್ಣದಲ್ಲಿ ಗುರುತು ಹಾಕಿ ತಾಮ್ರದ ಸುತ್ತಿಗೆಯಲ್ಲಿ ಒಂದು ಕೊಡುತ್ತಾರೆ. ಮತ್ತೆ ತಿರುಗಿಸುವುದು, ಮತ್ತೆ ಓದುವುದು, ಮತ್ತೆ ಏಟು. ಇಬ್ಬರೂ ಮದುವೆಯಾದಾಗಿನಿಂದ ಹೀಗೇ ಮಾಡಿಕೊಂಡು ಬಂದವರು. ಮೇಸ್ತ್ರಿ ಕೂಡಿಸಿದ ಎಂಜಿನ್ ಅಂತ ಜನ ಹುಡುಕಿಕೊಂಡು ಬರುವುದು ಇದಕ್ಕೇ.

ಜಗಳ ಇನ್ನೂ ಬಿಸಿಯಾಗಿದ್ದಾಗಲೇ ನನ್ನ ಗಂಡನ ಗಾಡಿಯ ರಾಡು ಸದ್ದು ಮಾಡತೊಡಗಿತು.

ನನ್ನ ಗಂಡನ ಕೆಲಸ ಅಂದರೆ ಗುಡ್ಡದ ಮೇಲಿನ ಸಣ್ಣ ಸಣ್ಣ ಆಸ್ಪತ್ರೆಗಳಿಂದ ರಕ್ತದ ಸ್ಯಾಂಪಲ್ಲು ತಂದು ಕೆಳಗಿನ ಲ್ಯಾಬಿಗೆ ಮುಟ್ಟಿಸುವುದು. ಬೆಳಗ್ಗೆ ಹತ್ತುವುದು, ಮಧ್ಯಾಹ್ನ ಇಳಿಯುವುದು. ಹಿಂದೆ ಐಸ್ ಡಬ್ಬ. ಹೊತ್ತಾದರೆ ಸ್ಯಾಂಪಲ್ಲು ಕೆಡುತ್ತದೆ, ಹಾಗಾಗಿ ಇಳಿಯುವಾಗ ಇವರು ನಿಧಾನ ಅನ್ನುವ ಮಾತನ್ನೇ ಮರೆತುಬಿಡುತ್ತಾರೆ. ರಸ್ತೆಯ ತಿರುವುಗಳು ಒಂದರ ಕೆಳಗೊಂದು. ಒಂದು ಬದಿ ಬಂಡೆ, ಇನ್ನೊಂದು ಬದಿ ಮೊಣಕಾಲೆತ್ತರದ ಕಟ್ಟೆ, ಕಟ್ಟೆಯಾಚೆ ಗಾಳಿ.

ಮಾವ ಎಂಜಿನ್ ಬಿಚ್ಚಿದರು, ಹೊಸ ರಾಡು ಹಾಕಿದರು, ಒತ್ತಿಸಿಕೊಂಡು ಬಂದರು. ಕ್ರ್ಯಾಂಕು ತಂದು ಕಟ್ಟೆ ಮೇಲಿಟ್ಟರು, ಡಯಲ್ ಕೂರಿಸಿದರು. ನಾನು ಒಲೆ ಆರಿಸಿದೆ. ಮಾವ ಕೆಮ್ಮಿದರು. ಹಿತ್ತಿಲ ಬಾಗಿಲಲ್ಲಿ ಬೆನ್ನು ಹಾಕಿ ಕೂತ ಅತ್ತೆ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ಮಾವ ಇನ್ನೊಮ್ಮೆ ಕೆಮ್ಮಿದರು.

"ಅತ್ತೆ, ಡಯಲ್ ಇಟ್ಟಾಯ್ತು" ಅಂದೆ.

"ನನಗ್ಯಾಕೆ ಹೇಳ್ತೀಯ? ಕಣ್ಣಿರೋರು ನೋಡ್ಕೊಳ್ತಾರೆ."

ಮಾವನ ಕತ್ತಿನ ನರ ಉಬ್ಬಿತು. ಬಲಗೈಯಲ್ಲಿ ಕ್ರ್ಯಾಂಕು ತಿರುಗಿಸುತ್ತಾ, ತಾವೇ ಡಯಲ್ ಹತ್ತಿರ ಬಗ್ಗಿದರು. ಒಂದು ಸುತ್ತು, ಎರಡು ಸುತ್ತು. "ಸರಿ ಇದೆ" ಅಂತ ಗೋಡೆಗೆ ಹೇಳಿ, ಕ್ರ್ಯಾಂಕು ಎತ್ತಿಕೊಂಡು ಹೊರಟುಹೋದರು. ಅವತ್ತು ಅಡುಗೆ ಬೇಗ ಆಯಿತಲ್ಲ ಅಂತ ನಾನು ಖುಷಿಪಟ್ಟೆ. ನನ್ನ ಬುದ್ಧಿ ಇಷ್ಟೇ.

ಗಾಡಿ ಕೂಡಿಸಿದ ಒಂದು ವಾರಕ್ಕೆ ನನ್ನ ಗಂಡ ಊಟಕ್ಕೆ ಕೂತು ಕೈ ಕೊಡವಿಕೊಳ್ಳತೊಡಗಿದರು.

"ಏನಾಯ್ತು ರೀ?"

"ಏನಿಲ್ಲ, ಬೆರಳು ಜೋಮು ಹಿಡಿದಿದೆ. ಹ್ಯಾಂಡಲ್ ಸ್ವಲ್ಪ ನಡುಗುತ್ತೆ."

"ಹೊಸ ರಾಡಲ್ವಾ, ಕೂತ್ಕೊಳ್ಳೋಕೆ ಟೈಮ್ ಬೇಕು" ಅಂದರು ಮಾವ, ತಟ್ಟೆಯಿಂದ ತಲೆಯೆತ್ತದೆ. ಅತ್ತೆ ಮಗನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದರು.

ಆಮೇಲೆ ಅಂಗಳ ಗುಡಿಸುವಾಗ ಗಾಡಿ ನಿಲ್ಲಿಸುವ ಜಾಗದಲ್ಲಿ ಎಣ್ಣೆಯ ಹನಿ ಕಂಡಿತು. ಮರುದಿನ ಹನಿ ಅಂಗೈಯಗಲ ಆಯಿತು. ಒಂದು ಬೆಳಗ್ಗೆ ಇವರು ಗಾಡಿ ಸ್ಟಾರ್ಟ್ ಮಾಡಿ ಬಿಟ್ಟು, ಹೆಲ್ಮೆಟ್ ತರಲು ಒಳಗೆ ಹೋದರು. ಚಹಾ ಕುಡಿದ ಲೋಟವನ್ನ ಸೀಟಿನ ಮೇಲೆ ಇಟ್ಟಿದ್ದರು. ನಾನು ನೋಡ್ತಾ ನಿಂತಿದ್ದೇನೆ, ಲೋಟ ತಾನೇ ನಡೆಯತೊಡಗಿತು. ಗಡಗಡ ನಡುಗುತ್ತಾ ಸೀಟಿನ ಅಂಚಿಗೆ ಬಂತು, ಬಿತ್ತು.

ನಾನು ಹೊಲಿಗೆಯವಳು. ಮಿಷನ್ನಿನ ಸೂಜಿ ಒಂಚೂರು ಸೊಟ್ಟಗಿದ್ದರೂ ಮೊದಲು ನಡುಗುತ್ತೆ, ಆಮೇಲೆ ಸದ್ದು ಮಾಡುತ್ತೆ, ಆಮೇಲೆ ಮುರಿಯುತ್ತೆ. ಮುರಿದ ಸೂಜಿ ಒಂದು ಸಲ ನನ್ನ ಹುಬ್ಬಿಗೆ ಸಿಡಿದದ್ದೂ ಉಂಟು. ಅವತ್ತು ಮಿಷನ್ ಮುಂದೆ ಕೂತಾಗಲೇ ತಲೆಗೆ ಹೊಳೆದದ್ದು. ಸುತ್ತಿಗೆ! ಆ ದಿನ ಸುತ್ತಿಗೆ ಏಟೇ ಕೇಳಿಸಿರಲಿಲ್ಲ. ನಾನು ಕಂಡ ಹಾಗೆ, ಒತ್ತಿಸಿ ತಂದ ಕ್ರ್ಯಾಂಕು ಮೊದಲ ಸಲವೇ ಸರಿ ಇದ್ದದ್ದು ಈ ಮನೆಯಲ್ಲಿ ಒಂದೂ ಇಲ್ಲ. ಮೂರು ನಾಲ್ಕು ಏಟು ಬಿದ್ದೇ ಬೀಳುತ್ತಿತ್ತು. ಇದಕ್ಕೊಂದಕ್ಕೆ ಮಾತ್ರ ಬೇಕಾಗಲಿಲ್ಲವಾ?

ಕೇಳುವ ಧೈರ್ಯ ಬರಲಿಲ್ಲ. ಬದಲಿಗೆ ಒಂದು ಉಪಾಯ ಮಾಡಿದೆ. ಸಂಜೆ ಮಾವ ಹೊಸ್ತಿಲ ಮೇಲೆ ಕೂತಿದ್ದಾಗ ಡಯಲ್ ತಗೊಂಡು ಹೋಗಿ, ಕೆಳಗಿನ ಕಡ್ಡಿಯನ್ನ ಹೆಬ್ಬೆರಳಲ್ಲಿ ಒತ್ತಿ ಹಿಡಿದೆ. ಮುಳ್ಳು ನಲವತ್ತಕ್ಕೆ ಹೋಗಿ ನಿಂತಿತು.

"ಮಾವ, ಇದನ್ನ ಒರೆಸೋವಾಗ ಏನೋ ಒತ್ತಿಬಿಟ್ಟೆ. ಕೆಟ್ಟುಹೋಯ್ತೋ ಏನೋ. ಎಷ್ಟು ತೋರಿಸ್ತಿದೆ ನೋಡಿ."

ಮಾವ ನನ್ನ ಮಣಿಕಟ್ಟು ಹಿಡಿದು ಬೆಳಕಿಗೆ ಎತ್ತಿದರು. ಹತ್ತಿರ ತಂದರು, ದೂರ ಹಿಡಿದರು, ಕೋಳಿಯ ಹಾಗೆ ತಲೆ ಓರೆ ಮಾಡಿದರು.

"ಸೊನ್ನೆಯಲ್ಲೇ ಇದೆಯಲ್ಲಮ್ಮಾ. ಏನೂ ಆಗಿಲ್ಲ, ಹೆದರಬೇಡ."

ನಿಜವಾದ ಹೆದರಿಕೆ ಶುರುವಾದದ್ದು ಅವರು ಹೆದರಬೇಡ ಅಂದಮೇಲೆಯೇ.

ರಾತ್ರಿ ಊಟಕ್ಕೆ ಕೂತಾಗ ಬಾಯಿ ಬಿಟ್ಟೆ.

"ರೀ, ನಾಳೆ ಗಾಡಿ ತಗೊಂಡು ಹೋಗಬೇಡಿ."

"ಮತ್ತೆ? ಐಸ್ ಡಬ್ಬ ತಲೆ ಮೇಲೆ ಹೊತ್ಕೊಂಡು ಗುಡ್ಡ ಇಳೀಲಾ?"

"ಎಂಜಿನ್ ಬಿಚ್ಚಿ ಇನ್ನೊಂದ್ಸಲ ಔಟು ನೋಡ್ಬೇಕು."

ಮಾವನ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಯಾಕೆ?"

"ತಪ್ಪು ತಿಳ್ಕೋಬೇಡಿ ಮಾವ. ಸಂಜೆ ಡಯಲ್ ನಲವತ್ತರಲ್ಲಿತ್ತು. ನೀವು ಸೊನ್ನೆ ಅಂದ್ರಿ."

"ನನಗೆ ಪರೀಕ್ಷೆ ಇಟ್ಟೆಯಾ?"

"ಹೂಂ, ಇಟ್ಟೆ."

"ನೋಡಪ್ಪಾ, ನೋಡು!" ಮಾವ ಮಗನ ಕಡೆ ತಿರುಗಿದರು. "ನಾನು ಎಂಜಿನ್ ಬಿಚ್ಚೋಕೆ ಶುರು ಮಾಡಿದಾಗ ನಿನ್ನ ಹೆಂಡ್ತಿ ಇನ್ನೂ ಹುಟ್ಟಿರಲಿಲ್ಲ. ಈಗ ನನಗೇ ಪರೀಕ್ಷೆ ಇಡ್ತಾಳೆ. ಸಂಜೆ ಮಬ್ಬು ಬೆಳಕು, ಯಾರಿಗೆ ತಾನೆ ಕಾಣುತ್ತೆ?"

"ನನಗೆ ಕಂಡಿತಲ್ಲ ಮಾವ."

"ಸಾಕು ಸುಮ್ನಿರೇ" ಅಂದರು ಇವರು. "ಅಪ್ಪನಿಗೆ ಹಾಗೆಲ್ಲ ಅನ್ನಬಾರದು."

"ಅಪ್ಪನ ಮರ್ಯಾದೆ ದೊಡ್ಡದಾ, ನಿಮ್ಮ ತಲೆ ದೊಡ್ಡದಾ? ಇಳೀತಾ ಇರೋವಾಗ ಎಂಜಿನ್ ಹಿಡ್ಕೊಂಡ್ರೆ ಏನಾಗುತ್ತೆ, ನೀವೇ ಹೇಳಿ."

ಮೆಕ್ಯಾನಿಕ್ಕಿನ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಅದು. ಓಲಾಡುವ ದಂಡವನ್ನ ಹಿಡಿದಿರುವ ಬೇರಿಂಗು ಸುಟ್ಟು ಕ್ರ್ಯಾಂಕು ಹಿಡಿದುಕೊಂಡರೆ ಹಿಂದಿನ ಚಕ್ರ ಓಡುತ್ತಿದ್ದ ಹಾಗೇ ನಿಂತುಬಿಡುತ್ತದೆ. ಗಾಡಿ ಜಾರುತ್ತದೆ. ಜಾರುವುದು ಯಾವ ಕಡೆಗೆ ಅಂತ ಆ ರಸ್ತೆ ಕಂಡವರಿಗೆ ಹೇಳಬೇಕಾಗಿಲ್ಲ.

ಅತ್ತೆ ನನ್ನನ್ನ ಕೇಳಿದರು, "ಅವತ್ತು ಸುತ್ತಿಗೆ ಏಟು ಎಷ್ಟು ಕೇಳಿಸ್ತು ನಿನಗೆ?"

"ಒಂದೂ ಇಲ್ಲ ಅತ್ತೆ."

ಅತ್ತೆಯ ಮುಖ ಬಿಳಿಚಿಕೊಂಡಿತು. ಆದರೂ ಹಟ ನೋಡಿ! "ನಿಮ್ಮ ಮಾವನಿಗೆ ಹೇಳು. ಬಾ ಅಂತ ಒಂದು ಮಾತು ಕರೆದ್ರೆ ನಾನು ಬಂದು ನೋಡ್ತೀನಿ."

"ಕರೆಯಲ್ಲ ಅಂತ ಹೇಳು."

"ನೀವೇ ಹೇಳ್ಕೊಳ್ಳಿ!" ಅಂತ ನಾನು ಸೌಟು ಕುಕ್ಕಿದೆ. ಮಾವ ಅರ್ಧ ಊಟಕ್ಕೇ ಕೈ ತೊಳೆದುಕೊಂಡರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಗಾದೆ. ಇಲ್ಲಿ ಆ ಕೂಸಿಗೆ ಮೀಸೆ ಬಂದಿದೆ, ಬುದ್ಧಿ ಮಾತ್ರ ಬಂದಿಲ್ಲ. "ಅಪ್ಪನ ಕೈ ಸುಳ್ಳು ಹೇಳಲ್ಲ ಕಣೇ" ಅಂತ ಹೇಳಿ ಇವರು ಗೊರಕೆ ಹೊಡೆದರು.

ಮಾರನೇ ಬೆಳಗ್ಗೆ ಇವರು ಸ್ನಾನಕ್ಕೆ ಹೋದಾಗ ಗ್ಯಾರೇಜಿನಿಂದ ನಟ್ಟು ಬಿಚ್ಚುವ ಪಾನಾ ತಗೊಂಡು ಗಾಡಿಯ ಪ್ಲಗ್ ಬಿಚ್ಚಿ ನನ್ನ ಗುಂಡಿ ಡಬ್ಬದಲ್ಲಿ ಬಚ್ಚಿಟ್ಟೆ. ಇವರು ಬಂದು ಕಿಕ್ ಹೊಡೆದರು, ಹೊಡೆದರು, ಬಗ್ಗಿ ನೋಡಿದರು.

"ಪ್ಲಗ್ ಎಲ್ಲಿ?"

"ಮೊದಲು ಕ್ರ್ಯಾಂಕು ನೋಡಿಸಿ, ಆಮೇಲೆ ಪ್ಲಗ್ ಕೊಡ್ತೀನಿ."

"ಹುಚ್ಚು ಹಿಡಿದಿದೆಯಾ ನಿನಗೆ? ಅಲ್ಲಿ ಜನ ಕಾಯ್ತಿರ್ತಾರೆ!"

ಮೆಕ್ಯಾನಿಕ್ಕಿನ ಮನೆಯಲ್ಲಿ ಪ್ಲಗ್ ಬಚ್ಚಿಡುವುದು ಅಂದರೆ ಸಮುದ್ರದಲ್ಲಿ ನೀರು ಬಚ್ಚಿಟ್ಟ ಹಾಗೆ. ಗ್ಯಾರೇಜಿನ ಡಬ್ಬಕ್ಕೆ ಕೈ ಹಾಕಿದರು, ಇನ್ನೊಂದು ತೆಗೆದು ತಿರುಪಿದರು, ನನ್ನ ಮುಖವನ್ನೂ ನೋಡದೆ ಹೊರಟುಹೋದರು. ತಿಂಡಿ ಡಬ್ಬ ಕಟ್ಟೆ ಮೇಲೇ ಉಳಿಯಿತು.

ಅವತ್ತು ಮಧ್ಯಾಹ್ನದ ಚಹಾ ಹೊತ್ತಿಗೆ ಇವರು ಬರಲಿಲ್ಲ.

ಮೊದಲು ನಾನು, ಕೋಪ ಮಾಡಿಕೊಂಡು ಹೊರಗೇ ಎಲ್ಲೋ ತಿಂದಿರಬೇಕು ಅಂದುಕೊಂಡೆ. ಫೋನ್ ಮಾಡಿದರೆ ಸಿಗುತ್ತಿಲ್ಲ. ಗುಡ್ಡದಲ್ಲಿ ಸಿಗ್ನಲ್ ಇರುವುದಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಲ್ಯಾಬಿನಿಂದಲೇ ಫೋನ್ ಬಂತು. "ಸ್ಯಾಂಪಲ್ ಇನ್ನೂ ಬಂದಿಲ್ಲ ಮೇಡಂ, ಎಲ್ಲಿದ್ದಾರೆ ಅವರು? ಮೇಲಿನ ಆಸ್ಪತ್ರೆ ಬಿಟ್ಟು ತುಂಬಾ ಹೊತ್ತಾಯ್ತಂತೆ."

ಜೀವ ಬಾಯಿಗೆ ಬಂತು ಅಂತಾರಲ್ಲ, ಅದು ಬರೀ ಮಾತಲ್ಲ. ಮಿಷನ್ ಮುಂದೆ ಕೂತು ಯಾರದೋ ಅಂಗಿಯ ತೋಳನ್ನ ಕತ್ತಿಗೆ ಹೊಲಿದುಬಿಟ್ಟಿದ್ದೆ. ಅತ್ತೆ ಬಾಗಿಲಿಗೂ ರಸ್ತೆಗೂ ಓಡಾಡುತ್ತಿದ್ದರು. ಮಾವ ಗ್ಯಾರೇಜಿನಲ್ಲಿ ಒಂದೇ ನಟ್ಟನ್ನ ಒರೆಸುತ್ತಿದ್ದರು. ಒರೆಸಿ ಇಟ್ಟರು, ಮತ್ತೆ ಅದನ್ನೇ ಎತ್ತಿಕೊಂಡು ಒರೆಸಿದರು. ಬೀದಿಯಲ್ಲಿ ಗಾಡಿ ಸದ್ದಾದಾಗೆಲ್ಲ ಮೂವರೂ ತಲೆಯೆತ್ತುತ್ತಿದ್ದೆವು. ಅದು ನಮ್ಮದಲ್ಲ, ಇದೂ ನಮ್ಮದಲ್ಲ. ಮಾವನ ಕಿವಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಅವರು ತಲೆ ತಗ್ಗಿಸಿದರೆ ನಾವೂ ಬಾಗಿಲಿಂದ ಹಿಂದೆ ಸರಿಯುತ್ತಿದ್ದೆವು.

ಕೊನೆಗೆ ಬಂದದ್ದು ತರಕಾರಿ ಸಾಗಿಸುವ ಟೆಂಪೋ. ಹಿಂದೆ ಖಾಲಿ ಬುಟ್ಟಿಗಳ ನಡುವೆ ನಮ್ಮ ಗಾಡಿ ಮಲಗಿತ್ತು. ಮುಂದಿನ ಸೀಟಿನಿಂದ ಇವರು ಇಳಿದರು. ಕೈಕಾಲು ನೆಟ್ಟಗಿತ್ತು. ಪ್ಯಾಂಟಿನ ಒಂದು ಮೊಣಕಾಲು ಹರಿದಿತ್ತು, ಅಷ್ಟೇ. ನಾನು ಬೀದಿ ಅಂತಲೂ ನೋಡದೆ ಎರಡು ಕೈಯಲ್ಲಿ ಇವರ ಎದೆಗೆ ಗುದ್ದಿದೆ. ಗುದ್ದುತ್ತಲೇ ಅತ್ತುಬಿಟ್ಟೆ.

"ಮೂರನೇ ತಿರುವಿನಲ್ಲಿ" ಅಂದರು ಇವರು. "ಕಟಕಟ ಅಂತು. ಏನು ಅಂತ ನೋಡೋಷ್ಟರಲ್ಲಿ ಹಿಂದಿನ ಚಕ್ರ ಹಿಡ್ಕೊಂಡುಬಿಡ್ತು. ಕ್ಲಚ್ ಹಿಡಿದೆ. ಯಾಕೆ ಹಿಡಿದೆ ಗೊತ್ತಿಲ್ಲ, ಬೆರಳು ತಾನೇ ಹಿಡೀತು. ಗಾಡಿ ಕಟ್ಟೆಗೆ ಉಜ್ಜಿ ನಿಂತಿತು. ನಾನು ಕಟ್ಟೆ ಹಿಡ್ಕೊಂಡು ಕೆಳಗೆ ನೋಡಿದೆ ಕಣೇ. ನೋಡಬಾರದಿತ್ತು."

ಸ್ಯಾಂಪಲ್ ಡಬ್ಬವನ್ನ ಟೆಂಪೋದವನೇ ಲ್ಯಾಬಿಗೆ ಮುಟ್ಟಿಸಿದ್ದ. ಮಾವ ಅದೆಲ್ಲ ಕೇಳಿಸಿಕೊಂಡರೋ ಇಲ್ಲವೋ. ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಎಂಜಿನ್ ಮೇಲೆ ಅಂಗೈ ಇಟ್ಟರು. ಅದಿನ್ನೂ ಬಿಸಿಯಾಗಿತ್ತು, ಆದರೂ ಕೈ ತೆಗೆಯಲಿಲ್ಲ.

ಬೆಳಗಾಗುತ್ತಲೇ ಮಾವ ಎಂಜಿನ್ ಬಿಚ್ಚತೊಡಗಿದರು. ಯಾರೂ ಹೇಳಲಿಲ್ಲ. ಬಿಚ್ಚುವುದಕ್ಕೆ ಅವರಿಗೆ ಕಣ್ಣು ಬೇಡ. ಬೆರಳುಗಳು ನಟ್ಟು ಹುಡುಕಿಕೊಂಡು ಹೋಗುತ್ತಿದ್ದವು. ಅದನ್ನ ನೋಡುತ್ತಾ ನಿಂತಾಗಲೇ ನನಗೆ ಅರ್ಥವಾದದ್ದು, ಮಾವ ಎಷ್ಟು ಕಾಲದಿಂದ ಹೀಗೆ ತಡಕಾಡಿಕೊಂಡೇ ಕೆಲಸ ಮಾಡುತ್ತಿದ್ದಾರೋ ಅಂತ. ಎಡಗಡೆಯ ಬೇರಿಂಗು ಸುಟ್ಟು ನೀಲಿಯಾಗಿತ್ತು. ಇವರು ಅದನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೆಳಗಿಟ್ಟರು.

ಕ್ರ್ಯಾಂಕು ಅಡುಗೆ ಕಟ್ಟೆಗೆ ಬಂತು. ನಾನು ಒಲೆ ಆರಿಸಿದೆ, ಫ್ಯಾನ್ ನಿಲ್ಲಿಸಿದೆ. ಮಾವ ದಿಮ್ಮಿಗಳ ಮೇಲೆ ಕ್ರ್ಯಾಂಕು ಮಲಗಿಸಿ, ಡಯಲ್ ಕೂರಿಸಿ, ಎರಡೂ ಕೈ ಇಟ್ಟರು. ತಿರುಗಿಸಲಿಲ್ಲ.

"ಅಪ್ಪಾ, ನಾನು ನೋಡ್ತೀನಿ" ಅಂದರು ಇವರು.

"ಬೇಡ."

ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ಸೆರಗಿನ ತುದಿ ಹಿಂಡುತ್ತಿದ್ದರು. ಮಾವ ಆ ಕಡೆ ತಿರುಗಲಿಲ್ಲ, ಕ್ರ್ಯಾಂಕನ್ನೇ ನೋಡುತ್ತಾ ಕರೆದರು. "ಬಾರೇ."

ನನ್ನ ಮೂಲಕ ಅಲ್ಲ. ನೇರವಾಗಿ.

ಅತ್ತೆ ಸ್ಟೂಲ್ ಎಳೆದುಕೊಂಡು ಕೂತರು. ಮೂಗು ಡಯಲ್‌ಗೆ ತಾಗಿತು. "ತಿರುಗಿಸಿ."

ಮಾವ ತಿರುಗಿಸಿದರು.

"ಎರಡು. ಐದು." ಅತ್ತೆಯ ದನಿ ಗಟ್ಟಿಯಾಗೇ ಇತ್ತು. "ಒಂಬತ್ತು. ಹದಿಮೂರು." ಆಮೇಲೆ ದನಿ ಸಣ್ಣಗಾಯಿತು. "ಹದಿನೆಂಟು ರೀ. ನಿಲ್ಲಿಸಿ. ಸಾಕು, ನಿಲ್ಲಿಸಿ."

ಐದು ದಾಟಬಾರದ ಜಾಗದಲ್ಲಿ ಹದಿನೆಂಟು. ಅದನ್ನ ತೊಡೆಗಳ ನಡುವೆ ಇಟ್ಟುಕೊಂಡು ನನ್ನ ಗಂಡ ಇಷ್ಟು ದಿನ ಗುಡ್ಡ ಇಳಿದಿದ್ದರು. ನಾನು ಗೋಡೆಗೆ ಒರಗಿದೆ. ಹೋಗಲಿ, ಜೀವ ಉಳಿಯಿತಲ್ಲ, ಇನ್ನು ಮುಗಿಯಿತು ಅಂತ ಅಂದುಕೊಳ್ಳುತ್ತಿದ್ದೆ.

ಅತ್ತೆ ಸ್ಟೂಲ್‌ನಿಂದ ಏಳಲಿಲ್ಲ. ಡಯಲ್ ನೋಡುತ್ತಲೇ ಕೇಳಿದರು, "ನಾನು ಮಾತು ಬಿಟ್ಟ ಮೇಲೆ ಇನ್ನು ಯಾರ್ಯಾರ ಎಂಜಿನ್ ಕೂಡಿಸಿಕೊಟ್ರಿ?"

ಮಾವ ನೆಲದ ಮೇಲೆ ಕೂತುಬಿಟ್ಟರು. ಅಲ್ಲಿಯವರೆಗೆ ನನ್ನ ಹೆದರಿಕೆಗೆ ಒಂದೇ ಮುಖ ಇತ್ತು, ನನ್ನ ಗಂಡನದು. ಆ ಪ್ರಶ್ನೆ ಬಿದ್ದದ್ದೇ ಇನ್ನೆಷ್ಟು ಮುಖಗಳಿವೆಯೋ ಅನ್ನಿಸಿತು.

"ರೀ, ಕೇಳ್ತಿದ್ದೀನಿ. ಯಾರದು?"

"ಕರೆಂಟು ಲೈನ್‌ಮ್ಯಾನ್‌ದು" ಅಂದರು ಮಾವ. "ಸ್ಕೂಲಿನ ಟೀಚರಮ್ಮನದು. ಮತ್ತೆ... ಮೊಟ್ಟೆಯವನದು."

"ಅವೂ ಹೀಗೇನಾ? ಸುತ್ತಿಗೆ ಇಲ್ಲದೇನಾ?"

ಮಾವ ಹೌದು ಅಂತ ತಲೆಯಾಡಿಸಿದರು. ಅವನ್ನ ಅಡುಗೆ ಕಟ್ಟೆಗೂ ತಂದಿರಲಿಲ್ಲ.

ಇವರು ಆಗಲೇ ಫೋನ್ ತೆಗೆದಿದ್ದರು. ಲೈನ್‌ಮ್ಯಾನ್ ಸಿಕ್ಕಿದ. ಅವನ ಗಾಡಿ ಮನೆಯಲ್ಲಿತ್ತು, ಮುಟ್ಟಬೇಡ ಅಂತ ಹೇಳಿದರು. ಟೀಚರಮ್ಮ ಪಾಠದ ನಡುವೆ ಹೊರಗೆ ಬಂದು ಮಾತಾಡಿದರು. ಸಂಜೆ ಬಸ್ಸಿನಲ್ಲಿ ಹೋಗುತ್ತೇನೆ, ಹ್ಯಾಂಡಲ್ ನಡುಗುತ್ತೆ ಅಂತ ನಾನೇ ಹೇಳಬೇಕು ಅಂತಿದ್ದೆ ಅಂದರು. ಮೊಟ್ಟೆಯವನ ಫೋನ್ ರಿಂಗಾಯಿತು, ರಿಂಗಾಯಿತು, ನಿಂತಿತು.

"ಈಗ ಎಲ್ಲಿರ್ತಾನೆ ಅವನು?" ಅಂದರು ಅತ್ತೆ.

"ಬೆಳಗ್ಗೆ ಗುಡ್ಡದ ಮೇಲಿನ ಅಂಗಡಿಗಳಿಗೆ ಮೊಟ್ಟೆ ಹಾಕ್ತಾನೆ" ಅಂದರು ಇವರು. "ಈ ಹೊತ್ತಿಗೆ ಇಳೀತಿರ್ತಾನೆ. ಅದೇ ರಸ್ತೆ."

ಮತ್ತೆ ಮಾಡಿದರು. ಸಿಗ್ನಲ್ ಇಲ್ಲ ಅಂತ ಹೆಣ್ಣು ದನಿಯೊಂದು ಹೇಳಿತು. ಮತ್ತೆ ಮಾಡಿದರು. ಅತ್ತೆ ಕೈ ಮುಗಿದುಕೊಂಡು ಕೂತಿದ್ದರು. ನನಗೆ ಆ ಮೊಟ್ಟೆಯವನ ಮುಖವೂ ನೆಟ್ಟಗೆ ನೆನಪಾಗಲಿಲ್ಲ. ಕಿವಿಗೆ ವೈರ್ ಸಿಕ್ಕಿಸಿಕೊಂಡು ಗಾಡಿ ಓಡಿಸುವ ಆಸಾಮಿ ಅಂತ ಮಾತ್ರ ನೆನಪಾಯಿತು. ಎತ್ತೋ, ಎತ್ತೋ ಮಾರಾಯ, ಅಂತ ನಾನು ಬಾಯಿ ಬಿಟ್ಟೇ ಹೇಳುತ್ತಿದ್ದೆ.

ಎತ್ತಿದ. ಫೋನ್ ತುಂಬಾ ಗಾಳಿ, ಅದರ ಹಿಂದೆ ಎಂಜಿನ್ ಸದ್ದು.

"ಹಲೋ? ಯಾರು?"

ಮಾವ ಕೈ ಚಾಚಿದರು. ಫೋನ್ ಎಲ್ಲಿದೆ ಅಂತ ಕಾಣದೆ ಗಾಳಿಯಲ್ಲೇ ಕೈ ಆಡಿಸಿದರು. ಇವರು ಫೋನನ್ನ ಅವರ ಬಾಯಿಯ ಹತ್ತಿರ ಹಿಡಿದರು.

"ನಾನಪ್ಪಾ, ಮೇಸ್ತ್ರಿ. ಗಾಡಿ ನಿಲ್ಲಿಸು."

"ಏನು ಮೇಸ್ತ್ರಿ, ಇಳಿಜಾರಲ್ಲಿದ್ದೀನಿ. ಕೆಳಗೆ ಹೋಗಿ ನಿಲ್ಲಿಸಿ ಫೋನ್ ಮಾಡ್ತೀನಿ ಇರಿ."

"ಕೆಳಗೆ ಹೋಗಬೇಡ! ಇದ್ದಲ್ಲೇ ನಿಲ್ಲಿಸು. ಕ್ಲಚ್ ಹಿಡಿದು, ನಿಧಾನಕ್ಕೆ, ಬದಿಗೆ."

"ಯಾಕೆ? ನೀವೇ ನೋಡಿ ಕೊಟ್ಟ ಗಾಡಿಯಲ್ವಾ? ಈಗ ತಾನೆ—"

"ನೋಡಿಲ್ಲ ಕಣೋ!" ಮಾವ ಕಿರುಚಿದರು. ಅಂಥ ದನಿ ಈ ಮನೆಯಲ್ಲಿ ನಾನು ಕೇಳಿರಲಿಲ್ಲ. "ನೋಡಿ ಕೊಟ್ಟೆ ಅಂದೆ, ನೋಡಿರಲಿಲ್ಲ. ನನಗೆ ಕಣ್ಣು ಕಾಣಲ್ಲ! ಮುಳ್ಳು ಕಾಣಲ್ಲ, ಗೆರೆ ಕಾಣಲ್ಲ, ಏನೂ ಕಾಣಲ್ಲ ನನಗೆ! ನಿಲ್ಲಿಸೋ!"

ಹೆಂಡತಿಗೆ ಹೇಳದ ಮಾತು, ಮಗನಿಗೆ ಹೇಳದ ಮಾತು ಅದು. ಮೊಟ್ಟೆಯವನಿಗೆ ಹೇಳಿದರು.

ಆ ಕಡೆ ಎಂಜಿನ್ ಸದ್ದು ಒಮ್ಮೆಲೇ ನಿಂತುಹೋಯಿತು. ಗಾಳಿಯೂ ಕೇಳಿಸಲಿಲ್ಲ. ಅವನೇ ನಿಲ್ಲಿಸಿದನೋ, ತಾನಾಗಿ ನಿಂತಿತೋ, ನಮಗೆ ಗೊತ್ತಾಗಲಿಲ್ಲ. ನಾಲ್ಕು ಜನ ಆ ಫೋನನ್ನೇ ನೋಡುತ್ತಿದ್ದೆವು. ಅತ್ತೆ ಮಾವನ ಭುಜ ಹಿಡಿದುಕೊಂಡಿದ್ದರು.

"ಹಲೋ" ಅಂದರು ಮಾವ. "ಹಲೋ, ಇದ್ದೀಯೇನಪ್ಪಾ?"

"ಇದ್ದೀನಿ ಮೇಸ್ತ್ರಿ, ನಿಲ್ಲಿಸಿದೆ." ಅವನಿಗೂ ಉಸಿರು ಸಿಗುತ್ತಿರಲಿಲ್ಲ. "ಏನು ಮೇಸ್ತ್ರಿ ನೀವು, ಹೀಗಾ ಹೆದರಿಸೋದು? ಹಿಂದೆ ಹೆಂಡ್ತಿ ಕೂತಿದ್ದಾಳೆ, ಮಡಿಲಲ್ಲಿ ಮಗು ಇದೆ."

ಮಾವ ಫೋನ್ ಹಿಡಿದಿದ್ದ ಮಗನ ಕೈಯನ್ನ ಹಿಡಿದುಕೊಂಡರು.

"ಇಳಿಸಪ್ಪ ಅವರನ್ನ" ಅಂದರು. "ಇಳಿಸಿ ಆ ಬಂಡೆ ಕಡೆ ಕೂರಿಸು. ಗಾಡಿ ಮುಟ್ಟಬೇಡ. ನಾನು ಬರ್ತಿದ್ದೀನಿ."

ಅತ್ತೆ ಆಗಲೇ ಚಪ್ಪಲಿ ಮೆಟ್ಟಿಕೊಂಡು, ಮಾವನ ಚಪ್ಪಲಿಯನ್ನ ಅವರ ಕಾಲ ಹತ್ತಿರ ತಂದಿಡುತ್ತಿದ್ದರು.